ಎದೆ ಬಗೆದು ತೋರಿಸಬೇಕೇ?

‘ಎದೆ ಬಗೆದು ತೋರಿಸಲೇ?’ ಎಂಬ ಮಾತು ನಮ್ಮಲ್ಲಿ ದಿನಬಳಕೆಯದು. ದೊಡ್ಡವನಾದ ಮಗನ ಮುಂದೆ ತಾಯಿ ಅದನ್ನು ಹೇಳುತ್ತಾಳೆ. ಜಗಳದ ಕೊನೆಯಲ್ಲಿ ಗಂಡನಿಗೆ ಹೆಂಡತಿ ಹೇಳುತ್ತಾಳೆ. ವಾಯಿದೆ ಕೇಳಲು ಬಂದ ಸಾಲಗಾರ ಸಾಹುಕಾರನ ಜಗಲಿಯಲ್ಲಿ ನಿಂತು ಹೇಳುತ್ತಾನೆ. ಯಾರೂ ಎದೆ ಬಗೆದು ತೋರಿಸುವುದಿಲ್ಲವೆಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಆ ಮಾತಿನ ಬಲವಿರುವುದೇ ಅಲ್ಲಿ. ‘ನನ್ನಲ್ಲಿದ್ದ ಸಾಕ್ಷ್ಯವೆಲ್ಲ ಮುಗಿಯಿತು, ಇನ್ನು ನೀನು ನಂಬಬೇಕು, ಇಲ್ಲವೇ ಬಿಡಬೇಕು’ ಎಂದು ಅದರ ತಾತ್ಪರ್ಯ.

ಎದೆ ಬಗೆದು ತೋರಿಸಿದವನು ಒಬ್ಬನೇ, ಹನುಮಂತ. ವಾಲ್ಮೀಕಿಯಲ್ಲಿ ಈ ಕಥೆ ಇಲ್ಲ, ಜನ ಕಟ್ಟಿಕೊಂಡದ್ದು. ಅಂಗಡಿಯ ಕ್ಯಾಲೆಂಡರುಗಳಲ್ಲಿ ಅದರ ಚಿತ್ರವನ್ನು ಎಲ್ಲರೂ ಕಂಡಿದ್ದೇವೆ. ಪಟ್ಟಾಭಿಷೇಕದ ದಿನ ಸೀತೆ ಕೊಟ್ಟ ಮುತ್ತಿನ ಹಾರವನ್ನು ಹನುಮಂತ ಒಂದೊಂದೇ ಮುತ್ತಾಗಿ ಕಚ್ಚಿ ನೋಡಿದನಂತೆ, ಒಳಗೆ ರಾಮನಿದ್ದಾನೆಯೇ ಎಂದು. ಸಭೆ ನಕ್ಕಿತು. ‘ಹಾಗಾದರೆ ನಿನ್ನೊಳಗೆ ಇದ್ದಾನೆಯೋ?’ ಎಂದು ಯಾರೋ ಕೇಳಿದರು. ಆಗ ಅವನು ಉಗುರಿನಿಂದ ಎದೆಯನ್ನು ಸೀಳಿದ. ಕಥೆಯನ್ನು ಕೇಳಿದವರು ಹನುಮಂತನ ಭಕ್ತಿಗೆ ಕೈಮುಗಿಯುತ್ತಾರೆ. ಮುಗಿಯಬೇಕಾದದ್ದೇ. ಆದರೆ ಸಾಗರ ಹಾರಿ ಬಂದವನ ಮಾತು ಸಾಲದೆ ಅವನ ಎದೆಯನ್ನೇ ಕೇಳಿದ ಆ ಸಭೆಯ ವಿಷಯವಾಗಿ ಯಾರೂ ಏನೂ ಹೇಳುವುದಿಲ್ಲ. ನಾನು ಇಲ್ಲಿ ಯೋಚಿಸಹೊರಟಿರುವುದು ಆ ಸಭೆಯ ವಿಷಯವನ್ನೇ.

ಏಕೆಂದರೆ ಎದೆಯನ್ನು ಬಗೆಯದೆಯೇ ಒಳಗನ್ನು ತೋರಿಸುವ ಯಂತ್ರ ಈಗ ಬಂದಿದೆ. ಎಂ.ಆರ್.ಐ. ಎಂಬ ಮೂರಕ್ಷರದ ಹೆಸರನ್ನು ಕೇಳದ ಮನೆ ಇಲ್ಲ. ಮಂಡಿಗೆ, ಬೆನ್ನಿಗೆ, ತಲೆಗೆ ಮಾಡಿಸಿದವರು ನಮ್ಮ ಬೀದಿಯಲ್ಲೇ ಹತ್ತು ಜನ ಸಿಕ್ಕಾರು. ಬಡಿಯುತ್ತಲೇ ಇರುವ ಹೃದಯಕ್ಕೂ ಅದನ್ನು ಮಾಡಬಹುದೆಂಬುದು ಅಷ್ಟಾಗಿ ಪ್ರಚಾರವಾಗಿಲ್ಲ. ಹೃದಯದ ಮಾಂಸಖಂಡಕ್ಕೆ ಬರುವ ಉರಿಯೂತ ಎಂಬ ಒಂದು ಕಾಯಿಲೆಯಲ್ಲಂತೂ ಈ ಯಂತ್ರ ಮಾಡುವಷ್ಟು ಉಪಕಾರವನ್ನು ಬೇರೆ ಪರೀಕ್ಷೆಗಳು ಮಾಡಲಾರವು.

ಡಾಕ್ಟರುಗಳು ಇದನ್ನು ಮಯೋಕಾರ್ಡೈಟಿಸ್ ಎನ್ನುತ್ತಾರೆ. ಇದಕ್ಕೆ ತನ್ನದೇ ಆದ ಮುಖವಿಲ್ಲ. ಮೊದಲು ಸಾಧಾರಣ ಜ್ವರ, ನೆಗಡಿ, ಇಲ್ಲವೇ ಹೊಟ್ಟೆ ಕೆಡುವುದು. ಡೆಂಗೆಯ ಬೆನ್ನಿಗೂ ಬರುವುದುಂಟು, ಕೋವಿಡ್ಡಿನ ಬೆನ್ನಿಗೂ ಬಂದದ್ದುಂಟು. ಜ್ವರ ಬಿಟ್ಟಿತು ಎಂದು ಎದ್ದು ಓಡಾಡುವ ಹೊತ್ತಿಗೆ ಎದೆ ಹಿಡಿದಂತಾಗುತ್ತದೆ, ಏದುಸಿರು ಬರುತ್ತದೆ, ಎದೆಬಡಿತ ತಾಳ ತಪ್ಪುತ್ತದೆ. ಹೊಕ್ಕ ವೈರಸ್ಸು ಮಾಡಿದ ಗಾಯ ಒಂದು ಪಾಲಾದರೆ, ಅದನ್ನು ಅಟ್ಟಲು ಬಂದ ಮೈಯ ಕಾವಲುಪಡೆಯೇ ಮಾಡುವ ಗಾಯ ಇನ್ನೊಂದು ಪಾಲು. ಕಳ್ಳನನ್ನು ಹಿಡಿಯಲು ನುಗ್ಗಿದ ಪೊಲೀಸರು ಮನೆಯ ಗಡಿಗೆ ಮಡಕೆಗಳನ್ನೆಲ್ಲ ಒಡೆದ ಹಾಗೆ. ವಯಸ್ಸಾದವರಿಗಿಂತ ಹರೆಯದ ಗಂಡಸರಲ್ಲಿ ಇದು ಹೆಚ್ಚು. ಬಹುಮಂದಿಗೆ ತಾನಾಗಿಯೇ ವಾಸಿಯಾಗುತ್ತದೆ. ಕೆಲವರ ಹೃದಯ ಹಿಗ್ಗಿ ಬಲಗುಂದುತ್ತದೆ. ಕೆಲವರು ಎಚ್ಚರಿಕೆಯನ್ನೇ ಕೊಡದೆ ಕುಸಿದುಬೀಳುತ್ತಾರೆ.

ಹೆಸರು ಹಳೆಯದು. ಸೋಬರ್ನ್‌ಹೈಮ್ ಎಂಬ ಜರ್ಮನ್ ವೈದ್ಯ ೧೮೩೭ರಲ್ಲೇ ಅದನ್ನು ಇಟ್ಟ. ಆದರೆ ಅದಾದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಈ ಕಾಯಿಲೆ ಇತ್ತೆಂದು ನಿಶ್ಚಯವಾಗಿ ಹೇಳಬೇಕಾದರೆ ರೋಗಿ ಸಾಯಬೇಕಾಗಿತ್ತು, ಶವವನ್ನು ಕೊಯ್ಯಬೇಕಾಗಿತ್ತು. ೧೯೬೨ರಲ್ಲಿ ಜಪಾನಿನ ಸಕಾಕಿಬಾರಾ ಮತ್ತು ಕೊನ್ನೊ ಎಂಬವರು ರಕ್ತನಾಳದೊಳಗಿಂದ ಒಂದು ಸಣ್ಣ ಚಿಮುಟವನ್ನು ಹೃದಯದವರೆಗೆ ತೂರಿಸಿ ಚೂರು ಮಾಂಸವನ್ನು ಕಿತ್ತು ತರುವ ಉಪಾಯವನ್ನು ಕಂಡುಹಿಡಿದರು. ಬದುಕಿರುವವನ ಎದೆಯನ್ನು ಸ್ವಲ್ಪವೇ ಬಗೆದಂತಾಯಿತು. ಆದರೆ ಈ ಉರಿ ಹೃದಯದ ತುಂಬ ಒಂದೇ ಸಮನೆ ಹಬ್ಬುವುದಿಲ್ಲ. ಅಲ್ಲೊಂದು ತೇಪೆ, ಇಲ್ಲೊಂದು ತೇಪೆ. ಹೊಲದ ಒಂದು ಮೂಲೆಯ ತೆನೆಯನ್ನು ಮುರಿದು ನೋಡಿ ಇಡೀ ಹೊಲಕ್ಕೆ ಹುಳು ಬಿದ್ದಿಲ್ಲವೆಂದು ಹೇಳಬಹುದೇ? ಚಿಮುಟಕ್ಕೆ ಸಿಕ್ಕ ಚೂರು ಚೆನ್ನಾಗಿದ್ದು ಪಕ್ಕದಲ್ಲೇ ಬೆಂಕಿ ಇದ್ದದ್ದುಂಟು.

ಇನ್ನು ಈ ಕಾಯಿಲೆಗೂ ನನಗೂ ಪರಿಚಯವಾದ ಬಗೆಯನ್ನು ಹೇಳಬೇಕು. ನನ್ನ ತಾಯಿಯ ಕಡೆಯ ನಂಟರು ಬಸರಾಳಿನಲ್ಲಿದ್ದಾರೆ. ಮಂಡ್ಯ ತಾಲ್ಲೂಕಿನ ಹೋಬಳಿ ಊರು. ಹರಿಹರ ದಣ್ಣಾಯಕ ೧೨೩೪ರಲ್ಲಿ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯದಿಂದ ಆ ಊರಿಗೆ ಹೆಸರು. ಶಿಲ್ಪ ನೋಡಲು ಬರುವವರು ಬೇಲೂರು ಹಳೇಬೀಡುಗಳಿಗೆ ಹೋಗಿ ಇದನ್ನು ಬಿಟ್ಟುಬಿಡುತ್ತಾರೆ. ಊರಿನವರಿಗೆ ಅದರಿಂದ ದುಃಖವೂ ಇಲ್ಲ. ನಾನು ವರ್ಷಕ್ಕೆ ಒಂದೆರಡು ಸಲ ಹೋಗುತ್ತೇನೆ. ನಂಟರ ಪಕ್ಕದ ಮನೆಯಲ್ಲಿ ಇಪ್ಪತ್ತಮೂರು ಇಪ್ಪತ್ತನಾಲ್ಕರ ಒಬ್ಬ ಹುಡುಗ. ಅರ್ಧ ಎಕರೆ ಸ್ವಂತದ್ದು, ಉಳಿದ ದಿನ ಕೂಲಿ. ಕಬ್ಬು ಕಡಿಯುವ ಕಾಲದಲ್ಲಿ ಮೇಸ್ತ್ರಿಯ ಗುಂಪಿನಲ್ಲಿ ಸೇರಿ ಕಟ್ಟು ಹೊತ್ತು, ಹಲಗೆ ಹತ್ತಿ, ಟ್ರ್ಯಾಕ್ಟರಿಗೆ ತುಂಬುವ ಕೆಲಸ. ಗಟ್ಟಿಮುಟ್ಟಾದ ಆಳು.

ಅವನಿಗೆ ನಾಲ್ಕು ದಿನ ಜ್ವರ ಬಂತು, ಹೋಯಿತು. ಆಮೇಲೆ ಸುಸ್ತು. ನಾಲ್ಕು ಹೆಜ್ಜೆ ಹಲಗೆ ಹತ್ತಿದರೆ ಕೂತುಬಿಡುತ್ತಿದ್ದ. ಮನೆಯಲ್ಲಿ ಯಾರೂ ನಂಬಲಿಲ್ಲ. ಹೊರಗೆ ಗಾಯವಿಲ್ಲ, ಮೈ ಬಿಸಿ ಇಲ್ಲ, ಊಟ ಸೇರುತ್ತಿದೆ. ಅವನ ಅಪ್ಪನ ಮಾತು ನನಗೆ ಈಗಲೂ ನೆನಪಿದೆ: “ಎರಡು ಕಟ್ಟು ಎತ್ತೋದ್ರೊಳಗೆ ಉಸ್ಸಪ್ಪಾ ಅಂತಾನೆ ಮೇಷ್ಟ್ರೇ. ಬೈಕು ಹತ್ತೋವಾಗ ಎಲ್ಲಿಂದ ಬತ್ತದೆ ಉಸ್ರು?” ಆ ಅಪ್ಪ ಕೆಟ್ಟವನಲ್ಲ. ಒಂದು ದಿನ ಕೂತರೆ ಒಂದು ದಿನದ ಕೂಲಿ ಹೋಗುವ ಮನೆಯಲ್ಲಿ ಸುಸ್ತು ಎಂಬುದು ಕಾಯಿಲೆಯಲ್ಲ, ನಡತೆ.

ಒಂದು ದಿನ ಗದ್ದೆಯ ಬದುವಿನ ಮೇಲೆ ಅವನು ಕಣ್ಣು ಕತ್ತಲಿಟ್ಟು ಬಿದ್ದ. ಮಂಡ್ಯಕ್ಕೆ ಒಯ್ದರು. ಇ.ಸಿ.ಜಿ. ಕೆಟ್ಟಿತ್ತು, ರಕ್ತದಲ್ಲಿ ಟ್ರೋಪೋನಿನ್ ಏರಿತ್ತು. ಹೃದಯದ ಸ್ನಾಯು ನೊಂದಾಗ ಸೋರಿ ಬರುವ ಪದಾರ್ಥ ಅದು. ಹೃದಯಾಘಾತವೇ ಇರಬೇಕೆಂದು ಮೈಸೂರಿಗೆ ಕಳಿಸಿದರು. ಅಲ್ಲಿ ಆಂಜಿಯೋಗ್ರಾಂ ಮಾಡಿದರೆ ರಕ್ತನಾಳಗಳು ಬಿದಿರಿನ ಕೊಳವೆಯಂತೆ ಚೊಕ್ಕಟ. ಎಲ್ಲಿಯೂ ತಡೆಯಿಲ್ಲ. ಈ ಸುದ್ದಿ ಊರನ್ನು ಮುಟ್ಟುವ ಹೊತ್ತಿಗೆ ‘ಏನೂ ಇಲ್ಲವಂತೆ’ ಎಂದಾಗಿತ್ತು. ನೋಡಿ, ಪರೀಕ್ಷೆ ಹೇಳಿದ್ದು ‘ನಾಳದಲ್ಲಿ ಏನೂ ಇಲ್ಲ’ ಎಂದು. ಊರು ಕೇಳಿಸಿಕೊಂಡದ್ದು ‘ಹುಡುಗನಿಗೆ ಏನೂ ಇಲ್ಲ’ ಎಂದು. ಒಂದು ಶಬ್ದ ಬಿಟ್ಟುಹೋದದ್ದಕ್ಕೆ ಒಬ್ಬನ ಮಾನ ಹೋಯಿತು.

ಅಲ್ಲಿದ್ದ ಒಬ್ಬ ಕಿರಿಯ ವೈದ್ಯೆ ಮಾತ್ರ ಹುಡುಗನ ಪಕ್ಕ ಕೂತು ಒಂದು ಪ್ರಶ್ನೆ ಕೇಳಿದರಂತೆ: “ಈಚೆಗೆ ಜ್ವರ ಏನಾದರೂ ಬಂದಿತ್ತೇನಪ್ಪ?” ಅವನು ಹೇಳಿದ. ಆ ಉತ್ತರದಿಂದ ಎಂ.ಆರ್.ಐ. ಆಯಿತು. ಅದರ ಖರ್ಚಿಗೆ ಹಸು ಹೋಯಿತು.

ಈ ಯಂತ್ರ ನೋಡುವ ಬಗೆ ವಿಚಿತ್ರವಾದದ್ದು. ಇದರಲ್ಲಿ ಎಕ್ಸ್-ರೇ ಇಲ್ಲ. ರೋಗಿಯನ್ನು ಒಂದು ಸುರಂಗದಂಥ ಅಯಸ್ಕಾಂತದೊಳಗೆ ಮಲಗಿಸುತ್ತಾರೆ. ಅದರ ಬಲ ಸಾಮಾನ್ಯವಾಗಿ ಒಂದೂವರೆ ಟೆಸ್ಲಾ, ಎಂದರೆ ದಿಕ್ಸೂಚಿಯನ್ನು ಅಲುಗಿಸುವ ಭೂಮಿಯ ಕಾಂತಬಲದ ಸುಮಾರು ಮೂವತ್ತು ಸಾವಿರ ಪಟ್ಟು. ನಮ್ಮ ಮೈಯಲ್ಲಿ ಹೆಚ್ಚಿನ ಪಾಲು ನೀರು, ನೀರಿನಲ್ಲಿ ಜಲಜನಕ, ಆ ಜಲಜನಕದ ಪರಮಾಣುಬೀಜ ಒಂದೊಂದೂ ಒಂದು ಪುಟ್ಟ ಬುಗುರಿ. ಅಯಸ್ಕಾಂತದೊಳಗೆ ಈ ಬುಗುರಿಗಳು ಒಂದು ದಿಕ್ಕಿಗೆ ಒಲಿಯುತ್ತವೆ. ರೇಡಿಯೋ ಅಲೆಯಿಂದ ಅವನ್ನು ತಟ್ಟಿದರೆ ಓರೆಯಾಗುತ್ತವೆ; ತಟ್ಟುವುದನ್ನು ನಿಲ್ಲಿಸಿದರೆ ಮತ್ತೆ ನೆಟ್ಟಗಾಗುತ್ತ ಸಣ್ಣದೊಂದು ದನಿ ಕೊಡುತ್ತವೆ. ಆ ದನಿಯನ್ನು ಹಿಡಿದು ಗಣಕಯಂತ್ರ ಲೆಕ್ಕ ಹಾಕಿ ಚಿತ್ರ ಬರೆಯುತ್ತದೆ. ಈ ಚಿತ್ರವಿದ್ಯೆಗಾಗಿ ಲಾಟರ್ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಎಂಬವರಿಗೆ ೨೦೦೩ರಲ್ಲಿ ನೊಬೆಲ್ ಬಹುಮಾನ ಬಂತು.

ಹೃದಯ ಸುಮ್ಮನಿರುವುದಿಲ್ಲವಲ್ಲ, ಚಿತ್ರ ಕದಡದೇ? ಅದಕ್ಕೆ ಉಪಾಯವುಂಟು. ಎದೆಬಡಿತದ ತಾಳವನ್ನು ಯಂತ್ರ ಕೇಳುತ್ತಲೇ ಇರುತ್ತದೆ. ರೋಗಿಗೆ ಆಗಾಗ ಉಸಿರು ಬಿಗಿಹಿಡಿಯಲು ಹೇಳುತ್ತಾರೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಹೃದಯ ಸಡಿಲಾಗಿ ನಿಂತ ಗಳಿಗೆಯನ್ನು ಕಾದು ಹೆಚ್ಚಿನ ಚಿತ್ರಗಳನ್ನು ತೆಗೆಯುತ್ತದೆ. ಊದಿಕೊಂಡ ಭಾಗದಲ್ಲಿ ನೀರು ಹೆಚ್ಚು. ಅದು ಬೇರೆಯಾಗಿ ಕಾಣುತ್ತದೆ. ಆಮೇಲೆ ಗ್ಯಾಡೊಲಿನಿಯಂ ಎಂಬ ಧಾತುವಿನ ಮದ್ದನ್ನು ರಕ್ತನಾಳಕ್ಕೆ ಕೊಟ್ಟು ಹತ್ತು ನಿಮಿಷದಷ್ಟು ಕಾಯುತ್ತಾರೆ. ಚೆನ್ನಾಗಿರುವ ಸ್ನಾಯು ಅದನ್ನು ಬಿಟ್ಟುಕೊಡುತ್ತದೆ, ಕಪ್ಪಾಗಿ ಕಾಣುತ್ತದೆ. ನೊಂದ ಸ್ನಾಯು ಹಿಡಿದಿಟ್ಟುಕೊಳ್ಳುತ್ತದೆ, ಬೆಳ್ಳಗೆ ಹೊಳೆಯುತ್ತದೆ. ಹೃದಯಾಘಾತದ ಬಿಳುಪು ಒಳಪದರದಿಂದ ಹೊರಕ್ಕೆ ಹಬ್ಬಿರುತ್ತದೆ. ಉರಿಯೂತದ ಬಿಳುಪು ಬಹುಮಟ್ಟಿಗೆ ಹೊರಪದರದಲ್ಲಿ ಇಲ್ಲವೇ ನಡುವೆ. ಹೀಗೆ ಎರಡಕ್ಕೂ ಭೇದ ಗೊತ್ತಾಗುತ್ತದೆ. ಕೆನಡಾ ದೇಶದ ಲೇಕ್ ಲೂಯೀಸ್ ಎಂಬ ಊರಿನ ಹೆಸರು ಹೊತ್ತ ನಿಯಮಗಳು ೨೦೦೯ರಲ್ಲಿ ಬಂದವು, ೨೦೧೮ರಲ್ಲಿ ಪರಿಷ್ಕಾರಗೊಂಡವು. ಚಿತ್ರವನ್ನು ಓದುವವರಿಗೆ ಅವೇ ವ್ಯಾಕರಣ.

ಹುಡುಗನನ್ನು ಊರಿಗೆ ಕರೆತಂದ ಮೇಲೆ, ಇಂಗ್ಲಿಷ್ ಬಲ್ಲವನೆಂದು ನನ್ನ ಕೈಗೆ ವರದಿಯನ್ನೂ ಫಿಲ್ಮನ್ನೂ ಕೊಟ್ಟರು. ಜಗಲಿಯಲ್ಲಿ ಬೆಳಕಿಗೆ ಹಿಡಿದು ನೋಡಿದೆ. ಕಪ್ಪು ಬಳೆಯಂಥ ಹೃದಯದ ಗೋಡೆ. ಅದರ ಹೊರ ಅಂಚಿನಲ್ಲಿ ಒಂದು ಕಡೆ ಸುಣ್ಣದ ಬೆರಳು ಸವರಿದ ಹಾಗೆ ಬಿಳಿಯ ಗೆರೆ. ‘ಇದೇ ನೋಡು’ ಎಂದು ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿದ. ಕೊನೆಗೆ ತೋರುಬೆರಳನ್ನು ಆ ಗೆರೆಯ ಹತ್ತಿರ ಒಯ್ದು, ಮುಟ್ಟದೆ, ಕೇಳಿದ: “ಇದ್ರಲ್ಲಿ ಅವನ ನೋವು ಎಲ್ಲೈತೆ ಮೇಷ್ಟ್ರೇ?”

ನಾನು ಮೂವತ್ತು ವರ್ಷ ಪಾಠ ಹೇಳಿದವನು. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಿರಲಿಲ್ಲ.

ನೋವು ಅದರಲ್ಲಿ ಇರಲಿಲ್ಲ. ಅದರಲ್ಲಿದ್ದದ್ದು ಊತ, ಗಾಯ. ನೋವು ಇದ್ದದ್ದು ಹುಡುಗನ ಮಾತಿನಲ್ಲಿ. ಆ ಮಾತನ್ನು ಅವನು ಮೂರು ವಾರದಿಂದ ಹೇಳುತ್ತಲೇ ಇದ್ದ. ಅದನ್ನು ಯಾರೂ ಕೊಳ್ಳಲಿಲ್ಲ. ಬಿಳಿಯ ಗೆರೆಯನ್ನು ಎಲ್ಲರೂ ಕೊಂಡರು.

ನಮ್ಮ ಹಿಂದಿನವರು ಅರಿವಿಗೆ ಪ್ರಮಾಣಗಳನ್ನು ಎಣಿಸಿದ್ದಾರೆ. ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರು ಎಲ್ಲರಿಗೂ ಗೊತ್ತು. ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯಿದೆ ಎನ್ನುವುದು ಅನುಮಾನ. ಬಲ್ಲವನ, ನಂಬಬಹುದಾದವನ ಮಾತು ಶಬ್ದ. ಯಂತ್ರದ ಚಿತ್ರವನ್ನು ನಾವು ಪ್ರತ್ಯಕ್ಷವೆಂದು ತಿಳಿಯುತ್ತೇವೆ. ‘ಕಣ್ಣಿಗೇ ಕಾಣುತ್ತದಲ್ಲ!’ ಎನ್ನುತ್ತೇವೆ. ಆದರೆ ಕಾಣುವುದು ಹೃದಯವಲ್ಲ. ಬುಗುರಿಗಳ ದನಿಯಿಂದ ಲೆಕ್ಕ ಕಟ್ಟಿದ ಒಂದು ಬರಹ. ಪ್ರತ್ಯಕ್ಷದ ಅಂಗಿಯನ್ನು ತೊಟ್ಟುಕೊಂಡ ಅನುಮಾನ ಅದು. ಉರಿಯೂತದಲ್ಲಿ ಉರಿ ಒಳಗಿದೆ. ಬಿಳಿಯ ಗೆರೆ ಅದರ ಹೊಗೆ. ಬೆಂಕಿಯಿದ್ದೂ ಹೊಗೆ ಕಾಣದ ಬೆಟ್ಟವಿರಬಹುದು. ಉರಿ ಎದ್ದ ಮೊದಲ ಎರಡು ಮೂರು ವಾರಗಳಲ್ಲಿ ಈ ಪರೀಕ್ಷೆ ಚೆನ್ನಾಗಿ ಹೇಳುತ್ತದೆ. ತಿಂಗಳುಗಳು ಕಳೆದರೆ ಅದರ ಮಾತು ಮಸುಕಾಗುತ್ತದೆ. ಕಾಯಿಲೆ ಇದೆ ಎಂದು ಹೇಳಿದರೂ ಯಾವ ವೈರಸ್ಸಿನಿಂದ, ಯಾವ ಕಾರಣದಿಂದ ಬಂತೆಂದು ಹೇಳುವುದಿಲ್ಲ. ಅದಕ್ಕಾಗಿ ಕೆಲವರಿಗೆ ಈಗಲೂ ಆ ಹಳೆಯ ಚಿಮುಟವೇ ಬೇಕಾಗುತ್ತದೆ.

ಬಸರಾಳಿನ ದೇವಾಲಯದ ಗೋಡೆಯಲ್ಲಿ ಒಂದು ಶಿಲ್ಪವಿದೆ. ಅರ್ಜುನ ಮತ್ಸ್ಯಯಂತ್ರವನ್ನು ಭೇದಿಸುತ್ತಿದ್ದಾನೆ. ದ್ರೌಪದಿ ಮಾಲೆ ಹಿಡಿದು ಧಾವಿಸಿ ಬರುತ್ತಿದ್ದಾಳೆ. ನಮ್ಮ ಕಡೆ ಹೇಳುವ ಕಥೆಯಂತೆ ಮೀನು ಮೇಲೆ ತಿರುಗುತ್ತಿದೆ, ಅವನ ಕಣ್ಣು ಕೆಳಗೆ ನೀರಿನಲ್ಲಿ ಬಿದ್ದ ನೆರಳಿನ ಮೇಲಿದೆ. ಕಂಡದ್ದು ನೆರಳು, ಹೊಡೆಯಬೇಕಾದದ್ದು ಮೀನು. ಹೃದಯದ ಚಿತ್ರವನ್ನು ನೋಡುವ ವೈದ್ಯನ ಸ್ಥಿತಿಯೂ ಇದೇ. ನೆರಳನ್ನು ಹೀಗಳೆಯಬೇಕಾಗಿಲ್ಲ, ಅದಿಲ್ಲದೆ ಗುರಿ ಸಿಕ್ಕದು. ಆದರೆ ಬಾಣವನ್ನು ನೀರಿಗೆ ಬಿಡುವವನು ಬಿಲ್ಲುಗಾರನಲ್ಲ. ಈ ಹುಡುಗನ ವಿಷಯದಲ್ಲಿ ಮೇಲಿನ ಮೀನು ಎಲ್ಲಿದೆಯೆಂದು ಮೊದಲು ತೋರಿಸಿದ್ದು ಅವನ ಮಾತೇ. ಅವನು ‘ಜ್ವರ ಬಂದಿತ್ತು, ಆಮೇಲೆ ಸುಸ್ತು’ ಎಂದು ಹೇಳದಿದ್ದರೆ, ಆ ವೈದ್ಯೆ ಕೂತು ಕೇಳದಿದ್ದರೆ, ಕೋಟಿಗಟ್ಟಲೆ ಬೆಲೆಯ ಆ ಅಯಸ್ಕಾಂತ ಮೂಲೆಯಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಯಂತ್ರ ಉತ್ತರ ಕೊಡುತ್ತದೆ. ಪ್ರಶ್ನೆ ಹುಟ್ಟುವುದು ಮನುಷ್ಯನ ಮಾತಿನಿಂದ.

ಇದಕ್ಕೆ ನನ್ನ ವೈದ್ಯಮಿತ್ರರೊಬ್ಬರು ಒಂದು ಆಕ್ಷೇಪವನ್ನು ಹೇಳುತ್ತಾರೆ. “ನೀವು ಮೇಷ್ಟ್ರು, ಸುಲಭವಾಗಿ ಮಾತಾಡುತ್ತೀರಿ. ದಿನಕ್ಕೆ ನೂರು ಜನ ಎದೆನೋವೆಂದು ಬರುತ್ತಾರೆ. ಬಹಳ ಮಂದಿಗೆ ಅಜೀರ್ಣ, ಇಲ್ಲವೇ ಹೆದರಿಕೆ. ಎಲ್ಲರ ಮಾತನ್ನೂ ನಂಬಿದರೆ ನಿಜವಾದ ರೋಗಿ ಸಾಲಿನ ಕೊನೆಯಲ್ಲಿ ಸಾಯುತ್ತಾನೆ. ಸಂದೇಹಪಡುವುದು ನಮ್ಮ ಧರ್ಮ.” ಆಕ್ಷೇಪ ಸರಿಯಾದದ್ದೇ. ಅದಕ್ಕೆ ಒಳ್ಳೆಯ ನಿದರ್ಶನವನ್ನೂ ನಾವು ಕಂಡಿದ್ದೇವೆ. ೨೦೨೫ರ ಮೇ, ಜೂನ್ ತಿಂಗಳುಗಳಲ್ಲಿ ನೆರೆಯ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹಠಾತ್ತನೆ ಹೃದಯ ನಿಂತು ತೀರಿಕೊಂಡರೆಂಬ ಸುದ್ದಿ ಹಬ್ಬಿತು. ಅವರಲ್ಲಿ ಹರೆಯದವರೂ ಇದ್ದರು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ಜನ ಸಾಲುಗಟ್ಟಿದರು. ೨೦೨೧ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜಕುಮಾರ್ ೪೬ನೆಯ ವಯಸ್ಸಿಗೆ ತೀರಿಕೊಂಡಾಗಲೂ ಹೀಗೆಯೇ ಆಗಿತ್ತು. ಬಂದವರಲ್ಲಿ ಅನೇಕರಿಗೆ ಯಾವ ತೊಂದರೆಯೂ ಇರಲಿಲ್ಲ. ‘ಒಂದು ಸಲ ನೋಡಿಬಿಡಿ’ ಎಂಬುದಷ್ಟೇ ಅವರ ಕೋರಿಕೆ. ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ಅಧ್ಯಕ್ಷತೆಯ ಸಮಿತಿ ಜುಲೈನಲ್ಲಿ ಕೊಟ್ಟ ವರದಿಯಲ್ಲಿ ಸಾವುಗಳ ಸಂಖ್ಯೆ ಅಸಹಜವಾಗಿ ಏರಿಲ್ಲವೆಂದು ಹೇಳಿತು. ಹಠಾತ್ ಸಾವುಗಳಲ್ಲಿ ಶವಪರೀಕ್ಷೆಯಾಗಬೇಕೆಂಬ ಮಾತು ಆಗಲೇ ಸರ್ಕಾರದಿಂದ ಬಂತು. ಅದಿಲ್ಲದೆ ಕಾರಣ ತಿಳಿಯುವ ದಾರಿಯಿಲ್ಲ. ಸತ್ತವರು ಮಾತಾಡುವುದಿಲ್ಲ; ಅವರ ಪಾಲಿಗೆ ಎದೆ ಬಗೆದು ನೋಡುವುದೇ ಮರ್ಯಾದೆ.

ಹೀಗೆ ಒಂದು ಕಡೆ ತೊಂದರೆಯಿಲ್ಲದೆ ಯಂತ್ರವನ್ನು ತಾಯಿತದ ಹಾಗೆ ಕಟ್ಟಿಸಿಕೊಳ್ಳಲು ಬರುವವರು; ಇನ್ನೊಂದು ಕಡೆ ತೊಂದರೆಯಿದ್ದೂ ಮಾತನ್ನು ಯಾರೂ ಕೇಳದವರು. ಇಬ್ಬರನ್ನೂ ಕಂಡಾಗ ನನಗೆ ತೋರುವುದು ಇದು: ಸಂದೇಹ ಬೇರೆ, ಅವಿಶ್ವಾಸ ಬೇರೆ. ಸಂದೇಹ ಕಾಯಿಲೆಯ ಮೇಲೆ. ಅವಿಶ್ವಾಸ ಮನುಷ್ಯನ ಮೇಲೆ. ‘ಇದು ಹೃದಯಾಘಾತವೋ, ಅಜೀರ್ಣವೋ, ಉರಿಯೂತವೋ?’ ಎಂದು ಕೇಳುವವನು ರೋಗಿಯ ಪಕ್ಷದಲ್ಲಿ ನಿಂತು ಸಂದೇಹಪಡುತ್ತಾನೆ. ‘ಇವನು ಸುಳ್ಳು ಹೇಳುತ್ತಿರಬೇಕು’ ಎನ್ನುವವನು ರೋಗಿಗೆ ಎದುರಾಗಿ ನಿಲ್ಲುತ್ತಾನೆ. ಆ ಕಿರಿಯ ವೈದ್ಯೆ ಸಂದೇಹಪಟ್ಟರು. ರಕ್ತನಾಳ ಚೊಕ್ಕಟವಾಗಿದೆ ಎಂಬ ವರದಿಯನ್ನೇ ಸಂದೇಹಿಸಿದರು, ಅಷ್ಟಕ್ಕೇ ಸಾಲದೆಂದರು. ಆದರೆ ಹುಡುಗನನ್ನು ನಂಬಿದರು. ಎರಡೂ ಒಟ್ಟಿಗೆ ಆಗಬಹುದು. ಒಳ್ಳೆಯ ವೈದ್ಯದ ಗುಟ್ಟೇ ಅದೆಂದು ನನಗೆ ತೋರುತ್ತದೆ.

ಅವಿಶ್ವಾಸ ಎಲ್ಲರಿಗೂ ಸಮನಾಗಿ ಹಂಚಿಲ್ಲವೆಂಬುದನ್ನೂ ನೋಡಬೇಕು. ನಮ್ಮ ಬಡಾವಣೆಯ ದೊಡ್ಡ ಮನುಷ್ಯರೊಬ್ಬರು ‘ಯಾಕೋ ಎದೆ ಒಂಥರಾ ಆಗ್ತಿದೆ’ ಎಂದರೆ ಸಾಕು, ಕಾರು ಬರುತ್ತದೆ, ಮಗ ರಜ ಹಾಕುತ್ತಾನೆ. ಅವರ ‘ಒಂಥರಾ’ ಎಂಬ ಮಾತೇ ಪ್ರಮಾಣ. ಕೂಲಿಯವನ ‘ಸುಸ್ತು’ ಎಂಬ ಮಾತಿಗೆ ಮಾತ್ರ ಫಿಲ್ಮು ಬೇಕು. ಅಡಿಗೆಮನೆಯ ಗೋಡೆ ಹಿಡಿದು ಒಂದು ಗಳಿಗೆ ನಿಲ್ಲುವ ಹೆಂಗಸಿನ ಸುಸ್ತಿಗಂತೂ ಮಾತೂ ಇಲ್ಲ, ಫಿಲ್ಮೂ ಇಲ್ಲ. ಅವಳು ಹೇಳುವುದನ್ನೇ ಬಿಟ್ಟಿದ್ದಾಳೆ. ಶಬ್ದಪ್ರಮಾಣವೆಂದರೆ ಆಪ್ತನ ಮಾತು ಎಂದು ಶಾಸ್ತ್ರದವರು ಹೇಳಿದರು. ನಾವು ಅದನ್ನು ಆಸ್ತಿವಂತನ ಮಾತು ಎಂದು ಓದಿಕೊಂಡಂತಿದೆ. ತನ್ನ ನೋವಿನ ವಿಷಯದಲ್ಲಿ ತನಗಿಂತ ಬಲ್ಲವನು, ತನಗಿಂತ ಆಪ್ತನು ಇನ್ನಾರು?

ಇಷ್ಟಾದರೂ ವಿಷಯ ಮುಗಿಯಲಿಲ್ಲ. ಚಿತ್ರ ಕಂಡಿತು, ಹೆಸರು ಸಿಕ್ಕಿತು. ಮದ್ದೇನು? ಹೃದಯ ಸೋತಿದ್ದರೆ ಅದಕ್ಕೆ ಮಾತ್ರೆಗಳಿವೆ. ತಾಳ ತಪ್ಪಿದ್ದರೆ ಅದಕ್ಕೂ ಇವೆ. ಆದರೆ ಸಾಮಾನ್ಯವಾಗಿ ಬರುವ ಈ ವೈರಸ್ಸಿನ ಉರಿಯೂತದಲ್ಲಿ ಮುಖ್ಯವಾದ ಅಪ್ಪಣೆ ಒಂದೇ: ಮೂರರಿಂದ ಆರು ತಿಂಗಳು ಶ್ರಮದ ಕೆಲಸ ಮಾಡಬಾರದು.

ಕಾರಣ ಸುಲಭ. ಹೃದಯ ಬಿಡುವಿಲ್ಲದೆ ದುಡಿಯುತ್ತದೆಂದು ನಾವು ಹೊಗಳುತ್ತೇವೆ. ಅದು ಅಷ್ಟು ನಿಜವಲ್ಲ. ನಿಮಿಷಕ್ಕೆ ಎಪ್ಪತ್ತರಂತೆ ಬಡಿಯುವಾಗ ಒಂದು ಬಡಿತಕ್ಕೆ ಸುಮಾರು ಸೆಕೆಂಡಿನ ಎಂಟು ಹತ್ತನೆಯ ಒಂದು ಭಾಗ ಹಿಡಿಯುತ್ತದೆ. ಅದರಲ್ಲಿ ಮೂರು ಪಾಲು ದುಡಿತ, ಐದು ಪಾಲು ವಿಶ್ರಾಂತಿ. ನಾವು ಹೊರೆ ಹೊತ್ತು ಓಡಿದಾಗ ಬಡಿತ ಏರುತ್ತದೆ. ಕಡಮೆಯಾಗುವುದು ಹೆಚ್ಚಾಗಿ ಆ ವಿಶ್ರಾಂತಿಯ ಪಾಲೇ. ನೊಂದ ಹೃದಯದ ಬಿಡುವನ್ನು ಕಸಿದುಕೊಂಡರೆ ಏನಾಗುತ್ತದೆಂದು ೧೯೭೦ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ಕಾಕ್ಸ್ಯಾಕಿ ಎಂಬ ವೈರಸ್ಸಿನಿಂದ ಹೃದಯದಲ್ಲಿ ಉರಿಯೆದ್ದ ಇಲಿಗಳನ್ನು ಬೆಚ್ಚನೆಯ ನೀರಿನ ಕೊಳದಲ್ಲಿ ಬಲವಂತವಾಗಿ ಈಜಿಸಿದರು. ಸುಮ್ಮನಿದ್ದ ಇಲಿಗಳಿಗಿಂತ ಈಜಿದ ಇಲಿಗಳಲ್ಲಿ ವೈರಸ್ಸು ಬಹಳ ಪಟ್ಟು ಹೆಚ್ಚಿತು, ಸಾವೂ ಹೆಚ್ಚಿತು. ಕೊಳದಿಂದ ಹತ್ತಿ ಬರಲು ಆ ಇಲಿಗಳಿಗೆ ದಾರಿಯಿರಲಿಲ್ಲ.

ಆರು ತಿಂಗಳು ಸುಮ್ಮನಿರು ಎಂದು ಕೂಲಿಯವನಿಗೆ ಹೇಳಿದಾಗ ನನಗೆ ಆ ಕೊಳದ ನೆನಪಾಯಿತು. ಕಾರ್ಖಾನೆಯಲ್ಲಿ ವಿಮೆ ಮಾಡಿಸಿದ ಕೆಲಸಗಾರನಾದರೆ ಇ.ಎಸ್.ಐ. ಯೋಜನೆಯಲ್ಲಿ ವರ್ಷಕ್ಕೆ ೯೧ ದಿನದವರೆಗೆ ಸಂಬಳದ ನೂರಕ್ಕೆ ೭೦ರಷ್ಟು ಕಾಯಿಲೆಯ ಭತ್ಯ ಬರುತ್ತದೆ. ಗದ್ದೆಯ ಕೂಲಿಗೆ ಅದಿಲ್ಲ. ಬಡವರ ಆಸ್ಪತ್ರೆಯ ಖರ್ಚಿಗೆ ಸರ್ಕಾರದ ಯೋಜನೆಗಳಿವೆ. ಆಯುಷ್ಮಾನ್ ಕಾರ್ಡು ಅನೇಕ ಮನೆಗಳನ್ನು ಉಳಿಸಿದೆ. ಕೊಯ್ಯುವುದಕ್ಕೆ, ಹೊಲಿಯುವುದಕ್ಕೆ, ಕೊಳವೆ ಇಡುವುದಕ್ಕೆ ಹಣ ಉಂಟು. ಸುಮ್ಮನೆ ಕೂರುವುದಕ್ಕೆ ಹಣ ಇಲ್ಲ. ಈ ಕಾಯಿಲೆಯ ಮದ್ದೋ, ಸುಮ್ಮನೆ ಕೂರುವುದು! ಔಷಧದ ಅಂಗಡಿಯಲ್ಲಿ ಸಿಕ್ಕದ ಮದ್ದನ್ನು ಬರೆದುಕೊಟ್ಟು ನಾವು ರೋಗವನ್ನು ಕಂಡುಹಿಡಿದೆವೆಂದು ಸಮಾಧಾನಪಟ್ಟುಕೊಳ್ಳಬಹುದೇ? ಕಂಡದ್ದರಿಂದ ಕಂಡವನ ಮೇಲೆ ಒಂದು ಋಣ ಬೀಳುತ್ತದೆ. ಕಾಣುವ ಮೊದಲು ‘ಗೊತ್ತಿರಲಿಲ್ಲ’ ಎನ್ನಬಹುದಾಗಿತ್ತು. ಕಂಡ ಮೇಲೆ ಆ ಮಾತು ಉಳಿಯುವುದಿಲ್ಲ.

ಹುಡುಗನಿಗೆ ಇಬ್ಬರಿಂದ ಬಿಡುವು ಸಿಗಬೇಕಾಗಿತ್ತು. ಒಬ್ಬ ಮೇಸ್ತ್ರಿ, ಅವನಲ್ಲಿ ಮುಂಗಡ ತೆಗೆದುಕೊಂಡದ್ದಾಗಿತ್ತು. ಅವನು ಮನೆಯ ಮುಂದೆ ಬಂದು ಕೂತಾಗ ನಾನು ವರದಿಯ ಸಾರವನ್ನು ಕನ್ನಡದಲ್ಲಿ ಬರೆದುಕೊಟ್ಟೆ; ಫಿಲ್ಮನ್ನೂ ತೋರಿಸಿದೆ. ಅವನು ಬಿಳಿಯ ಗೆರೆಯನ್ನು ನೋಡಿದ, ತಲೆ ಕೆರೆದುಕೊಂಡ, ಮುಂದಿನ ಹಂಗಾಮಿನವರೆಗೆ ತಡೆಯುತ್ತೇನೆಂದು ಹೇಳಿ ಹೋದ. ಯಂತ್ರ ಮಾಡಿದ ದೊಡ್ಡ ಉಪಕಾರ ಅದು. ಅದಿಲ್ಲದಿದ್ದರೆ ಹುಡುಗ ಹಲಗೆ ಹತ್ತುತ್ತಿದ್ದ, ಮುಂದಿನದನ್ನು ಹೇಳಬೇಕಾಗಿಲ್ಲ. ಆದ್ದರಿಂದ ಯಂತ್ರವನ್ನು ಹಳಿಯುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಮಾತಿಗೆ ಬೆಲೆಯಿಲ್ಲದ ಕಡೆ ಚಿತ್ರವಾದರೂ ಬಡವನ ಪರವಾಗಿ ಸಾಕ್ಷಿ ಹೇಳಲಿ.

ಇನ್ನೊಂದು ಬಿಡುವು ಅವನ ಅರ್ಧ ಎಕರೆಯಿಂದ ಸಿಗಬೇಕಾಗಿತ್ತು. ಅದಕ್ಕೆ ಊರಿನ ನಾಲ್ಕು ಜನ ಜೊತೆಗಾರರು ಮುಯ್ಯಾಳಾಗಿ ಬಂದರು. ಈ ಪದ್ಧತಿಯನ್ನು ಪೇಟೆಯ ಓದುಗರು ಮರೆತಿರಬಹುದು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿಯಿಲ್ಲ, ಲೆಕ್ಕದ ಪುಸ್ತಕವಿಲ್ಲ, ಆದರೆ ಯಾರೂ ಮರೆಯುವುದಿಲ್ಲ. ಅವರು ಉತ್ತರು, ನಾಟಿ ಹಾಕಿದರು, ಕಳೆ ತೆಗೆಸಿದರು. ಹುಡುಗ ಬದುವಿನ ಮೇಲೆ ಕೂತು ನೋಡಿದ. ಮಾರನೆಯ ವರ್ಷ ಅವನು ವಾಸಿಯಾಗಿ ಒಬ್ಬೊಬ್ಬರ ಹೊಲದಲ್ಲೂ ಮುಯ್ಯಿ ತೀರಿಸಿದ.

ಆ ನಾಲ್ವರಲ್ಲಿ ಒಬ್ಬನನ್ನು ನಾನು ಕೇಳಿದೆ, “ನೀನು ಆ ಫಿಲ್ಮು ನೋಡಿದೆಯೇನಪ್ಪ?” ಎಂದು. ಅವನಿಗೆ ನನ್ನ ಪ್ರಶ್ನೆಯೇ ಸರಿಯಾಗಿ ಅರ್ಥವಾಗಲಿಲ್ಲ. “ಯಾವ ಫಿಲ್ಮು ಮೇಷ್ಟ್ರೇ? ಅವನಿಗೆ ಆಗಾಕಿಲ್ಲ ಅಂದ. ಮಖ ನೋಡಿದ್ರೆ ತಿಳೀತಿತ್ತಲ್ಲ” ಎಂದ.

ಆ ನಾಲ್ವರಿಗೆ ಯಂತ್ರ ಬೇಕಾಗಿರಲಿಲ್ಲ. ವೈದ್ಯರಿಗೆ ಬೇಕು, ಬೇಕೇ ಬೇಕು; ನಾಳ ಯಾವುದು, ಪದರ ಯಾವುದು, ಗಾಯ ಎಷ್ಟೆಂದು ಅವರು ತಿಳಿಯದೆ ಹೆಜ್ಜೆ ಇಡಲಾಗದು. ಆದರೆ ಮನೆಯವರಾಗಿ, ನೆರೆಯವರಾಗಿ, ಕೆಲಸ ಮಾಡಿಸಿಕೊಳ್ಳುವವರಾಗಿ ನಮ್ಮ ಮುಂದೆ ನಿಂತು ‘ಆಗುವುದಿಲ್ಲ’ ಎನ್ನುವವನನ್ನು ನಂಬಲು ಒಂದೂವರೆ ಟೆಸ್ಲಾ ಬಲದ ಅಯಸ್ಕಾಂತ ಬೇಕಾಗಿಲ್ಲ. ಯಂತ್ರಗಳು ಇನ್ನೂ ಸೂಕ್ಷ್ಮವಾಗುತ್ತವೆ. ಜಿಲ್ಲೆಗೆ ಹತ್ತು ಬರಲಿ, ತಾಲ್ಲೂಕಿಗೆ ಒಂದು ಬರಲಿ. ಅವು ಬರುವುದರೊಳಗೆ ಎಷ್ಟೋ ಜನ ಎಷ್ಟೋ ಜಗಲಿಗಳಲ್ಲಿ ಮೆಲ್ಲಗೆ ‘ಸುಸ್ತು’ ಎಂದು ಹೇಳಿರುತ್ತಾರೆ. ಅದನ್ನು ಕೇಳಿ ನಗುವ ಸಭೆಯಾಗಬೇಕೋ, ಮುಯ್ಯಿಗೆ ಹೋಗುವ ನಾಲ್ವರಾಗಬೇಕೋ ಎಂಬುದನ್ನು ಯಾವ ಚಿತ್ರವೂ ನಮಗಾಗಿ ತೀರ್ಮಾನಿಸಿಕೊಡುವುದಿಲ್ಲ.